ಕಂಪನಿಯ ರಾಜಕೀಯ ನಿಧಿಗೆ ಮಗ ಹಣ ಕೊಡಬೇಕೇ?

ಮೈಸೂರಿನ ಓದುಗರೊಬ್ಬರು ಬರೆದಿರುವ ಪತ್ರದ ಮುಖ್ಯ ಭಾಗ ಹೀಗಿದೆ:

"ನಾನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನು, ನೌಕರರ ಸಂಘದಲ್ಲಿ ಓಡಾಡಿದವನು. ಮಗ ಸಿಯಾಟಲ್ ನಗರದಲ್ಲಿ ದೊಡ್ಡ ಕಂಪನಿಯೊಂದರ ಮ್ಯಾನೇಜರ್. ಕಳೆದ ವರ್ಷ ಅವನಿಗೆ ಗ್ರೀನ್ ಕಾರ್ಡ್ ಬಂತು. ಮಗಳು ನ್ಯೂಜೆರ್ಸಿಯಲ್ಲಿ ಎಚ್-1ಬಿ ವೀಸಾದ ಮೇಲಿದ್ದಾಳೆ. ಪ್ರತಿ ಸಂಬಳದಿಂದ ಇಷ್ಟು ಡಾಲರ್ ಕಂಪನಿಯ ರಾಜಕೀಯ ನಿಧಿಗೆ ಕಡಿತ ಮಾಡಿಸಿಕೊಳ್ಳಬಹುದು ಎಂದು ಮಗನಿಗೆ ಕಂಪನಿಯಿಂದ ಇ-ಮೇಲ್ ಬಂದಿದೆ. ಮಗಳನ್ನು ಅಭ್ಯರ್ಥಿಯೊಬ್ಬರ ನಿಧಿ ಸಂಗ್ರಹದ ಭೋಜನಕೂಟಕ್ಕೆ ಕರೆದಿದ್ದಾರೆ. ನಿನ್ನ ವೀಸಾಕ್ಕೆ ಇದು ನಡೆಯುತ್ತದೆಯೇ ಎಂದು ಕೇಳಿದರೆ, ಅಣ್ಣನ ಹೆಸರಿನಲ್ಲಿ ಕೊಟ್ಟರಾಯಿತು ಎನ್ನುತ್ತಾಳೆ. ಇದೆಲ್ಲ ಲಂಚವಲ್ಲವೇ? ಅಮೆರಿಕದಲ್ಲಿ ಕಂಪನಿಯೂ ಮನುಷ್ಯನೇ ಎಂದು ಸುಪ್ರೀಂ ಕೋರ್ಟ್ ಹೇಳಿದೆಯಂತೆ, ಅದು ನಿಜವೇ? ಹಣವೇ ಎಲ್ಲವನ್ನೂ ತೀರ್ಮಾನಿಸುವಾಗ ನಾಳೆ ಪೌರತ್ವ ಬಂದರೂ ಮತ ಹಾಕಿ ಏನು ಪ್ರಯೋಜನ ಎಂದು ಮಗ ಕೇಳುತ್ತಾನೆ. ನನಗೆ ಉತ್ತರ ತೋಚಲಿಲ್ಲ."

ಮಾನ್ಯರೇ,

ಉತ್ತರಿಸುವ ಮೊದಲು ನನ್ನ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಇಪ್ಪತ್ತೆರಡು ವರ್ಷ ನಾನು ಕಾರ್ಮಿಕ ಸಂಘವೊಂದರ ರಾಜಕೀಯ ನಿಧಿಗೂ, ಎಡ ಒಲವಿನ ಕೆಲವು ಅಭ್ಯರ್ಥಿಗಳ ಪ್ರಚಾರ ಸಮಿತಿಗಳಿಗೂ ಲೆಕ್ಕ ಬರೆದವನು. ನನ್ನ ಒಲವೂ ಎಡಕ್ಕೇ ಇದೆ. ಕಾನೂನು ಹೀಗಿದೆ ಎಂದು ನಾನು ಹೇಳುವ ಮಾತನ್ನು ಹಾಗೆಯೇ ತೆಗೆದುಕೊಳ್ಳಿ, ಹೀಗಿರಬೇಕು ಎಂದು ಹೇಳುವ ಮಾತನ್ನು ಸ್ವಲ್ಪ ಸೋಸಿ ತೆಗೆದುಕೊಳ್ಳಿ.

ತುರ್ತಾಗಿ ಹೇಳಬೇಕಾದದ್ದು ಮಗಳ ವಿಷಯ. ಎಚ್-1ಬಿ ವೀಸಾದಲ್ಲಿರುವವರು ಅಮೆರಿಕದ ಯಾವ ಚುನಾವಣೆಗೂ, ಅದು ಅಧ್ಯಕ್ಷರದ್ದಿರಲಿ, ರಾಜ್ಯದ್ದಿರಲಿ, ಊರಿನ ಶಾಲಾ ಮಂಡಳಿಯದ್ದೇ ಇರಲಿ, ಒಂದು ಡಾಲರನ್ನೂ ದೇಣಿಗೆಯಾಗಿ ಕೊಡುವಂತಿಲ್ಲ. ಭೋಜನಕೂಟದ ಟಿಕೆಟ್ ಹಣವೂ ದೇಣಿಗೆಯ ಲೆಕ್ಕಕ್ಕೇ ಬರುತ್ತದೆ. ಅಣ್ಣನ ಹೆಸರಿನಲ್ಲಿ ಕೊಡುವುದು ಇನ್ನೂ ಕೆಟ್ಟ ಉಪಾಯ, ಏಕೆಂದರೆ ಒಬ್ಬರ ಹಣವನ್ನು ಇನ್ನೊಬ್ಬರ ಹೆಸರಿನಲ್ಲಿ ಕೊಡುವುದೇ ಅಲ್ಲಿ ಪ್ರತ್ಯೇಕ ಅಪರಾಧ, ಮತ್ತು ಆ ಅಪರಾಧದಲ್ಲಿ ಹೆಸರು ಕೊಟ್ಟ ಅಣ್ಣನೂ ಸಿಕ್ಕಿಬೀಳುತ್ತಾನೆ. ಸಂಬಳವಿಲ್ಲದೆ ಸ್ವಯಂಸೇವಕಿಯಾಗಿ ಕರಪತ್ರ ಹಂಚಲು, ಫೋನ್ ಮಾಡಲು ಅಡ್ಡಿಯಿಲ್ಲ. ಸಮಿತಿಯ ಹಣವನ್ನು ಎಲ್ಲಿ ಖರ್ಚು ಮಾಡಬೇಕೆಂಬ ತೀರ್ಮಾನದಲ್ಲಿ ಮಾತ್ರ ಅವಳು ಪಾಲ್ಗೊಳ್ಳಬಾರದು. ಗ್ರೀನ್ ಕಾರ್ಡ್ ಇರುವ ಮಗನಿಗೆ ಈ ನಿರ್ಬಂಧವಿಲ್ಲ. ಅವನು ತನ್ನ ಸ್ವಂತ ದುಡಿಮೆಯ ಹಣವನ್ನು ಮಿತಿಯೊಳಗೆ ಕೊಡಬಹುದು. ನೀವು ಮೈಸೂರಿನಿಂದ ಕಳಿಸಿದ ಹಣವನ್ನು ಕೊಡುವಂತಿಲ್ಲ.

ನಾನು ಲೆಕ್ಕ ನೋಡುತ್ತಿದ್ದ ಸಮಿತಿಯೊಂದಕ್ಕೆ ಒಮ್ಮೆ 500 ಡಾಲರ್‌ನ ಚೆಕ್ ಬಂತು. ಮೇಲೆ ಗಂಡ ಹೆಂಡತಿ ಇಬ್ಬರ ಹೆಸರೂ ಅಚ್ಚಾಗಿತ್ತು, ಸಹಿ ಮಾತ್ರ ಗಂಡನದು. ಹೆಸರು ನೋಡಿದರೆ ನಮ್ಮ ಕಡೆಯವರೇ. ವಿಚಾರಿಸಿದಾಗ ಹೆಂಡತಿ ಅಲ್ಲಿನ ಪೌರರು, ಗಂಡ ವೀಸಾದ ಮೇಲಿರುವವರು ಎಂದು ತಿಳಿಯಿತು. ಸಹಿ ಹಾಕಿದವರೇ ದಾನಿ ಎಂಬುದು ನಿಯಮವಾದ್ದರಿಂದ ಹಣ ಹಿಂದಿರುಗಿಸಬೇಕಾಯಿತು. ಫೋನ್ ಮಾಡಿ ತಿಳಿಸಿದಾಗ ಅವರು ಕನ್ನಡದಲ್ಲೇ ರೇಗಿದರು: "ಹನ್ನೊಂದು ವರ್ಷದಿಂದ ನನ್ನಿಂದ ತೆರಿಗೆ ಕಿತ್ತುಕೊಳ್ಳುತ್ತಿದ್ದಾರಲ್ಲ, ಅದಕ್ಕೆ ವೀಸಾ ಅಡ್ಡ ಬರುವುದಿಲ್ಲವೇ ಸ್ವಾಮಿ?" ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ನ್ಯಾಯಾಲಯದ ಬಳಿ ಮಾತ್ರ ಉತ್ತರವಿತ್ತು. ತಾತ್ಕಾಲಿಕ ವೀಸಾದ ಮೇಲೆ ನ್ಯೂಯಾರ್ಕಿನಲ್ಲಿ ವಕೀಲಿಕೆ ಮಾಡುತ್ತಿದ್ದ ಕೆನಡಾದ ಯುವಕನೊಬ್ಬ, ಒಬಾಮ ಅವರನ್ನು ಮತ್ತೆ ಗೆಲ್ಲಿಸಿ ಎಂಬ ಕರಪತ್ರವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಸೆಂಟ್ರಲ್ ಪಾರ್ಕಿನಲ್ಲಿ ಹಂಚಲು ಅನುಮತಿ ಕೋರಿದ್ದ. 2011ರಲ್ಲಿ ಮೂವರು ನ್ಯಾಯಾಧೀಶರ ಪೀಠ ಅದನ್ನು ನಿರಾಕರಿಸಿತು. ಆ ತೀರ್ಪು ಬರೆದವರು ಈಗ ಸುಪ್ರೀಂ ಕೋರ್ಟಿನಲ್ಲಿರುವ ಬ್ರೆಟ್ ಕ್ಯಾವನಾ. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಯನ್ನೂ ನಡೆಸದೆ ಅದನ್ನು ಎತ್ತಿಹಿಡಿಯಿತು. ಇದಕ್ಕೆ ಎರಡು ವರ್ಷ ಮೊದಲಷ್ಟೇ, 2010ರ ಜನವರಿ 21ರಂದು, ಅದೇ ಸುಪ್ರೀಂ ಕೋರ್ಟ್ ಸಿಟಿಜನ್ಸ್ ಯುನೈಟೆಡ್ ಪ್ರಕರಣದಲ್ಲಿ, ಕಂಪನಿಗಳು ತಮ್ಮ ಖಜಾನೆಯಿಂದ ಚುನಾವಣಾ ಪ್ರಚಾರಕ್ಕೆ ಎಷ್ಟು ಬೇಕಾದರೂ ಖರ್ಚು ಮಾಡಬಹುದು ಎಂದು ಐದಕ್ಕೆ ನಾಲ್ಕರ ಬಹುಮತದಿಂದ ಹೇಳಿತ್ತು. ರಕ್ತಮಾಂಸವಿರುವ, ಅಲ್ಲೇ ದುಡಿದು ತೆರಿಗೆ ಕಟ್ಟುವ ಮನುಷ್ಯನ ಕರಪತ್ರಕ್ಕೆ ರಕ್ಷಣೆಯಿಲ್ಲ, ನೋಂದಣಿ ಪತ್ರದಲ್ಲಿ ಹುಟ್ಟಿದ ಕಂಪನಿಯ ಜಾಹೀರಾತಿಗೆ ಇದೆ. ಪರದೇಶದವರು ಚುನಾವಣೆಯಿಂದ ದೂರವಿರಬೇಕೆಂಬ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಎರಡು ತೀರ್ಪುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಏನು ಕಾಣುತ್ತದೆ ಎಂಬುದನ್ನಷ್ಟೇ ಹೇಳುತ್ತಿದ್ದೇನೆ.

ಹಾಗಾದರೆ ಕಂಪನಿಯೂ ಮನುಷ್ಯನೇ ಎಂದು 2010ರ ತೀರ್ಪು ಹೇಳಿತೇ? ಎಡಪಂಥದ ನಮ್ಮ ಗೆಳೆಯರೇ ಹೀಗೆಂದು ಹೆಚ್ಚಾಗಿ ಹೇಳುತ್ತಾರೆ, ಆದರೆ ಅದು ಪೂರ್ತಿ ಸರಿಯಲ್ಲ. ಕಂಪನಿ ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿ ಎಂಬುದು ಹಳೆಯ ವ್ಯವಸ್ಥೆ. ಆಸ್ತಿ ಹೊಂದಲು, ಕರಾರು ಮಾಡಲು, ದಾವೆ ಹೂಡಲು ಅದು ಬೇಕು, ನೀವು ದುಡಿದ ಬ್ಯಾಂಕಿಗೂ ಅದೇ ಸ್ಥಾನವಿದೆ. ಸಂವಿಧಾನದ ಹಕ್ಕುಗಳು ಕಂಪನಿಗೆ ಅಂಟಿಕೊಂಡ ಬಗೆಯೇ ವಿಚಿತ್ರ. 1886ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಗೂ ರೈಲ್ವೆ ಕಂಪನಿಯೊಂದಕ್ಕೂ ತೆರಿಗೆಯ ವ್ಯಾಜ್ಯ ನಡೆಯಿತು. ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರ ರಕ್ಷಣೆಗೆಂದು ತಂದ ಹದಿನಾಲ್ಕನೇ ತಿದ್ದುಪಡಿ ಕಂಪನಿಗಳಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಆ ತೀರ್ಪು ನಿರ್ಣಯಿಸಲೇ ಇಲ್ಲ. ಆದರೆ ವಾದ ಆರಂಭವಾಗುವ ಮೊದಲು ಮುಖ್ಯ ನ್ಯಾಯಮೂರ್ತಿಗಳು, ಅನ್ವಯಿಸುತ್ತದೆ ಎಂದು ಬಾಯಿಮಾತಿನಲ್ಲಿ ಆಡಿದ್ದನ್ನು, ಕೋರ್ಟಿನ ತೀರ್ಪುಗಳನ್ನು ಅಚ್ಚಿಗೆ ಸಿದ್ಧಪಡಿಸುತ್ತಿದ್ದ ಅಧಿಕಾರಿ ಬ್ಯಾಂಕ್ರಾಫ್ಟ್ ಡೇವಿಸ್ ತೀರ್ಪಿನ ತಲೆಟಿಪ್ಪಣಿಯಲ್ಲಿ ಸೇರಿಸಿದರು. ಮುಂದಿನ ತೀರ್ಪುಗಳು ಆ ಟಿಪ್ಪಣಿಯನ್ನೇ ಆಧಾರವಾಗಿ ಹಿಡಿದವು. ಡೇವಿಸ್ ಹಿಂದೆ ಸಣ್ಣ ರೈಲ್ವೆ ಕಂಪನಿಯೊಂದರ ಅಧ್ಯಕ್ಷರಾಗಿದ್ದವರು. ಇದರಲ್ಲಿ ಸಂಚು ಹುಡುಕುವವರಿದ್ದಾರೆ, ನನಗೆ ಗುಮಾಸ್ತಗಿರಿಯಷ್ಟೇ ಕಾಣುತ್ತದೆ. ಆದರೆ ಗುಮಾಸ್ತರ ಒಂದು ಸಾಲು ಎಷ್ಟು ದೂರ ಹೋಗಬಲ್ಲದು ಎಂಬುದು ಬ್ಯಾಂಕಿನಲ್ಲಿದ್ದ ನಿಮಗೆ ಹೇಳಬೇಕಾಗಿಲ್ಲ.

ರಾಜಕೀಯದ ಹಣಕ್ಕೆ ಸಂಬಂಧಿಸಿದ ತಿರುವು ಬಂದದ್ದು 1970ರ ದಶಕದಲ್ಲಿ. 1971ರಲ್ಲಿ ಲೂಯಿಸ್ ಪೊವೆಲ್ ಎಂಬ ವಕೀಲರು ಅಮೆರಿಕದ ವಾಣಿಜ್ಯ ಮಂಡಳಿಗೆ ಗೋಪ್ಯ ಟಿಪ್ಪಣಿಯೊಂದನ್ನು ಬರೆದು, ಉದ್ಯಮಗಳು ವಿಶ್ವವಿದ್ಯಾಲಯ, ಪತ್ರಿಕೆ, ನ್ಯಾಯಾಲಯ ಎಲ್ಲ ಕಡೆಯೂ ಸಂಘಟಿತವಾಗಿ ಹೋರಾಡಬೇಕೆಂದರು. ಕೆಲವೇ ತಿಂಗಳಲ್ಲಿ ಅಧ್ಯಕ್ಷ ನಿಕ್ಸನ್, ಪೊವೆಲ್ ಅವರನ್ನೇ ಸುಪ್ರೀಂ ಕೋರ್ಟಿಗೆ ನೇಮಿಸಿದರು. 1976ರ ಬಕ್ಲಿ ಪ್ರಕರಣದಲ್ಲಿ ಕೋರ್ಟ್ ದೇಣಿಗೆಗೆ ಮಿತಿ ಹಾಕಬಹುದು, ಖರ್ಚಿಗೆ ಮಿತಿ ಹಾಕಲಾಗದು ಎಂದಿತು. ಅಂದರೆ ಖರ್ಚು ಮಾಡುವುದನ್ನು ಮಾತನಾಡುವ ಹಕ್ಕಿನ ಭಾಗವೆಂದು ಪರಿಗಣಿಸಿತು. 1978ರಲ್ಲಿ ಬಾಸ್ಟನ್ನಿನ ಬ್ಯಾಂಕೊಂದರ ಪ್ರಕರಣದಲ್ಲಿ, ಜನಮತಗಣನೆಗಳಲ್ಲಿ ಕಂಪನಿಗಳೂ ಹಣ ಸುರಿಯಬಹುದೆಂಬ ಬಹುಮತದ ತೀರ್ಪನ್ನು ಬರೆದವರು ಅದೇ ಪೊವೆಲ್. 2010ರ ತೀರ್ಪು ಈ ಮೆಟ್ಟಿಲುಗಳನ್ನೇ ಹತ್ತಿ ಬಂದದ್ದು. ಕಂಪನಿ ಮನುಷ್ಯ ಎಂದು ಅದು ಹೇಳಲಿಲ್ಲ, ಮಾತನಾಡುತ್ತಿರುವವರು ಯಾರು ಎಂಬ ಕಾರಣಕ್ಕೆ ಸರ್ಕಾರ ಮಾತನ್ನು ತಡೆಯಲಾಗದು ಎಂದಿತು. ಅಭ್ಯರ್ಥಿಯೊಡನೆ ಸಮಾಲೋಚಿಸದೆ ಮಾಡುವ ಸ್ವತಂತ್ರ ಖರ್ಚಿನಿಂದ ಭ್ರಷ್ಟಾಚಾರ ಹುಟ್ಟುವುದಿಲ್ಲ ಎಂದೂ ಸೇರಿಸಿತು. ಈ ಎರಡನೆಯ ಮಾತನ್ನು ಓದಿದ ದಿನ ನಮ್ಮ ಕಚೇರಿಯಲ್ಲಿ ನಕ್ಕವರೇ ಹೆಚ್ಚು.

ಇಲ್ಲಿ ನಮ್ಮ ದೇಶವನ್ನು ನೆನೆಯಬೇಕು. ಚುನಾವಣಾ ಬಾಂಡ್‌ಗಳನ್ನು ರದ್ದುಪಡಿಸಿದ 2024ರ ಫೆಬ್ರವರಿ 15ರ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇದಕ್ಕೆ ತೀರ ವಿರುದ್ಧವಾದ ನಿಲುವು ತಳೆಯಿತು. ಕಂಪನಿಯ ದೇಣಿಗೆಯನ್ನೂ ವ್ಯಕ್ತಿಯ ದೇಣಿಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು, ಕಂಪನಿ ಕೊಡುವುದು ಪ್ರತಿಫಲದ ಉದ್ದೇಶವಿರುವ ವ್ಯವಹಾರ ಎಂಬ ನೆಲೆಯಲ್ಲಿ, ಮಿತಿಯಿಲ್ಲದ ಕಂಪನಿ ದೇಣಿಗೆಗೆ ಅವಕಾಶ ಕೊಟ್ಟ ತಿದ್ದುಪಡಿಯನ್ನೂ ಅದು ಹೊಡೆದುಹಾಕಿತು. ಅಷ್ಟರಿಂದ ಇಲ್ಲಿ ಎಲ್ಲವೂ ಶುದ್ಧವಾಯಿತೆಂದು ನಾನು ನಂಬಿಲ್ಲ.

ಈಗ ನಿಮ್ಮ ಮಗನಿಗೆ ಬಂದ ಇ-ಮೇಲ್. ಕಂಪನಿಯು ತನ್ನ ಖಜಾನೆಯಿಂದ ಫೆಡರಲ್, ಅಂದರೆ ರಾಷ್ಟ್ರ ಮಟ್ಟದ, ಅಭ್ಯರ್ಥಿಗೆ ನೇರವಾಗಿ ಹಣ ಕೊಡುವುದು ಅಲ್ಲಿ 1907ರಿಂದಲೂ ನಿಷಿದ್ಧ, ಇಂದಿಗೂ ನಿಷಿದ್ಧ. ಆ ಕಾಯ್ದೆಗೆ ದಕ್ಷಿಣ ಕೆರೊಲಿನಾದ ಸೆನೆಟರ್ ಬೆನ್ ಟಿಲ್ಮನ್ ಹೆಸರಿದೆ. ಕರಿಯರ ಮತದಾನದ ಹಕ್ಕನ್ನು ಕಿತ್ತುಕೊಂಡದ್ದನ್ನು ಬಹಿರಂಗವಾಗಿ ಹೇಳಿಕೊಂಡು ಮೆರೆದ ಮನುಷ್ಯನ ಹೆಸರನ್ನು ಎಡಪಂಥೀಯರು ಪ್ರತಿ ಭಾಷಣದಲ್ಲೂ ಗೌರವದಿಂದ ಉಚ್ಚರಿಸಬೇಕಾದದ್ದು ಚರಿತ್ರೆಯ ಅಣಕ. ನೇರವಾಗಿ ಕೊಡಲಾಗದ್ದರಿಂದ ಕಂಪನಿಗಳು ಪ್ಯಾಕ್ ಎಂಬ ಪ್ರತ್ಯೇಕ ನಿಧಿಯನ್ನು ಇಟ್ಟುಕೊಳ್ಳುತ್ತವೆ. ನಿಧಿಯ ಕಚೇರಿ ವೆಚ್ಚವನ್ನು ಕಂಪನಿ ಭರಿಸುತ್ತದೆ, ಅಭ್ಯರ್ಥಿಗಳಿಗೆ ಹೋಗುವ ಹಣ ಮ್ಯಾನೇಜರುಗಳು ಮತ್ತು ಷೇರುದಾರರು ಸ್ವಂತ ಕಿಸೆಯಿಂದ ಕೊಟ್ಟದ್ದಾಗಿರಬೇಕು. ಮಗ ಮ್ಯಾನೇಜರ್ ಆದ್ದರಿಂದಲೇ ಅವನಿಗೆ ಇ-ಮೇಲ್ ಬಂದಿದೆ. ಇಂಥ ನಿಧಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಕೊಡಬಹುದಾದದ್ದು ಹೆಚ್ಚೆಂದರೆ 5,000 ಡಾಲರ್. ಕೊಡುವುದು ಸ್ವಯಂಪ್ರೇರಿತವೆಂದೂ, ನಿರಾಕರಿಸಿದರೆ ಕೆಲಸಕ್ಕೆ ಯಾವ ತೊಂದರೆಯೂ ಇಲ್ಲವೆಂದೂ ಆ ಪತ್ರದಲ್ಲೇ ತಿಳಿಸಬೇಕೆಂದು ನಿಯಮವಿದೆ. ಆದ್ದರಿಂದ ಇದು ಕಾನೂನಿನ ಪ್ರಕಾರ ಲಂಚವಲ್ಲ.

ಕೊಡಬೇಕೇ ಎಂದು ಕೇಳಿದರೆ ನನ್ನ ಸಲಹೆ, ಬೇಡ. ಇಂಥ ನಿಧಿಗಳು ತತ್ತ್ವ ನೋಡಿ ಹಣ ಕೊಡುವುದಿಲ್ಲ, ಸಂಸತ್ತಿನ ಸಮಿತಿಯ ಕುರ್ಚಿ ನೋಡಿ ಕೊಡುತ್ತವೆ. ತೆರಿಗೆಯ ಮಸೂದೆ ಯಾರ ಮೇಜಿನ ಮೇಲಿದೆಯೋ ಅವರಿಗೆ ಹಣ ಹೋಗುತ್ತದೆ, ಪಕ್ಷ ಯಾವುದಾದರೂ ಸರಿ. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನದಲ್ಲಿ ನಡೆದ ದಾಂಧಲೆಯ ನಂತರವೂ ಬೈಡನ್ ಗೆಲುವನ್ನು ಪ್ರಮಾಣೀಕರಿಸಲು ಆಕ್ಷೇಪಿಸಿದ 147 ರಿಪಬ್ಲಿಕನ್ ಸದಸ್ಯರಿಗೆ ಹಣ ಕೊಡುವುದಿಲ್ಲವೆಂದು ಅನೇಕ ಕಂಪನಿಗಳು ಘೋಷಿಸಿದವು. ಅವುಗಳಲ್ಲಿ ಹಲವು ಕೆಲವೇ ತಿಂಗಳಲ್ಲಿ ಮತ್ತೆ ಕೊಡತೊಡಗಿದವು. ನನ್ನ ಮಾತನ್ನೇ ನಂಬಬೇಕೆಂದಿಲ್ಲ. ಫೆಡರಲ್ ಚುನಾವಣಾ ಆಯೋಗದ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ ಹುಡುಕಿದರೆ ನಿಧಿಯ ಪೂರ್ತಿ ಜಮಾ ಖರ್ಚು ಸಿಗುತ್ತದೆ. ಅರ್ಧ ಗಂಟೆ ಕೂತು ನೋಡಲು ಮಗನಿಗೆ ಹೇಳಿ. ವರ್ಷಕ್ಕೆ 200 ಡಾಲರ್ ಮೀರಿ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ, ವೃತ್ತಿ, ಕೆಲಸ ಕೊಟ್ಟವರ ಹೆಸರು, ದಿನಾಂಕ, ಮೊತ್ತ ಎಲ್ಲವನ್ನೂ ವರದಿಯಲ್ಲಿ ಕೊಡಬೇಕು. ಅವನು ಕೊಟ್ಟರೆ ಅವನ ಸಾಲೂ ಅಲ್ಲಿ ಸೇರುತ್ತದೆ.

ಪ್ರಸ್ತುತವಲ್ಲದಿದ್ದರೂ ಒಂದು ತಮಾಷೆ ಹೇಳಿಬಿಡುತ್ತೇನೆ. ಆ ಪಟ್ಟಿಯಲ್ಲಿನ ಹೆಸರುಗಳನ್ನು ಕದ್ದು ಯಾರೂ ಚಂದಾ ಕೇಳಬಾರದು, ಸರಕು ಮಾರಬಾರದು. ಕಳ್ಳರನ್ನು ಹಿಡಿಯಲೆಂದು ಪ್ರತಿ ವರದಿಯಲ್ಲಿ ಹತ್ತರವರೆಗೆ ಸುಳ್ಳು ಹೆಸರುಗಳನ್ನು ಸೇರಿಸಲು ಕಾನೂನೇ ಅವಕಾಶ ಕೊಡುತ್ತದೆ. ನಾನು ಒಮ್ಮೆ ತೀರಿಹೋದ ನನ್ನ ಅಜ್ಜಿಯ ಹೆಸರನ್ನು ಹಾಕಿದ್ದೆ. ಎರಡು ತಿಂಗಳಲ್ಲಿ ಅಜ್ಜಿಗೆ ಸಹಾಯಧನ ಬೇಡುವ ಪತ್ರ ಬಂತು, ಹೆಸರಿನ ಹಿಂದೆ ಅವರು 'ಡಾಕ್ಟರ್' ಎಂದು ಬೇರೆ ಸೇರಿಸಿದ್ದರು.

ನಿಜವಾದ ದೊಡ್ಡ ಹಣ ಈ 5,000 ಡಾಲರ್‌ನ ದಾರಿಯಲ್ಲಿ ಹರಿಯುವುದಿಲ್ಲ. 2010ರ ತೀರ್ಪಿನ ಬೆನ್ನಲ್ಲೇ ಕೆಳಗಿನ ನ್ಯಾಯಾಲಯವೊಂದು ಕೊಟ್ಟ ತೀರ್ಪಿನಿಂದ ಸೂಪರ್ ಪ್ಯಾಕ್‌ಗಳು ಹುಟ್ಟಿದವು. ಇವು ಅಭ್ಯರ್ಥಿಗೆ ಹಣ ಕೊಡುವಂತಿಲ್ಲ, ಆದರೆ ಅಭ್ಯರ್ಥಿಯ ಪರವಾಗಿ ಅಥವಾ ವಿರುದ್ಧವಾಗಿ ಎಷ್ಟಾದರೂ ಸಂಗ್ರಹಿಸಿ ಖರ್ಚು ಮಾಡಬಹುದು. ಇಲ್ಲಿ ಹಣ ಸುರಿಯುವವರು ಹೆಚ್ಚಾಗಿ ನೀವು ಭಾವಿಸಿದಂತೆ ದೊಡ್ಡ ಹೆಸರಿನ ಕಂಪನಿಗಳಲ್ಲ, ಕುಬೇರರು. 2024ರಲ್ಲಿ ಎಲಾನ್ ಮಸ್ಕ್ ಒಬ್ಬರೇ 25 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿದರು. ಡೆಮಾಕ್ರಟಿಕ್ ಪಕ್ಷಕ್ಕೂ ಅದರದ್ದೇ ಆದ ಸೂಪರ್ ಪ್ಯಾಕ್‌ಗಳೂ ಕುಬೇರರೂ ಇದ್ದಾರೆ. ಎಡಪಂಥ ಆ ಪಕ್ಷದೊಡನೆ ಸದಾ ಜಗಳವಾಡುತ್ತಿರುವುದಕ್ಕೆ ಇದೂ ಒಂದು ಕಾರಣ. ಹೆಸರು ಹೇಳಲು ಇಷ್ಟವಿಲ್ಲದ ದೊಡ್ಡ ಕಂಪನಿಗಳು ವ್ಯಾಪಾರಿ ಒಕ್ಕೂಟಗಳ, 'ಸಮಾಜ ಕಲ್ಯಾಣ' ಎಂದು ನೋಂದಾಯಿಸಿಕೊಂಡ ಸಂಸ್ಥೆಗಳ ಮೂಲಕ ಕೊಡುತ್ತವೆ. ಅದಕ್ಕೆ ಅಲ್ಲಿ ಡಾರ್ಕ್ ಮನಿ ಎನ್ನುತ್ತಾರೆ. ಇದನ್ನು ನಮ್ಮ ಕಪ್ಪುಹಣ ಎಂದು ಅನುವಾದಿಸಿದರೆ ತಪ್ಪಾಗುತ್ತದೆ. ಲೆಕ್ಕಪತ್ರ ಸರಿಯಾಗಿಯೇ ಇರುವ, ಕೊಟ್ಟವರ ಹೆಸರು ಮಾತ್ರ ಇಲ್ಲದ ಹಣ ಅದು.

ಕಂಪನಿಗಳು ಬಹಿರಂಗವಾಗಿಯೇ ನುಗ್ಗಿದ ಉದಾಹರಣೆ ಕ್ರಿಪ್ಟೊ ಉದ್ಯಮದ್ದು. 2024ರಲ್ಲಿ ಕಾಯಿನ್‌ಬೇಸ್, ರಿಪಲ್ ಮೊದಲಾದ ಕಂಪನಿಗಳು ಹಣ ಹೂಡಿದ, ಸೂಪರ್ ಪ್ಯಾಕ್‌ಗಳ ಫೇರ್‌ಶೇಕ್ ಬಳಗ ಒಹಾಯೊ ರಾಜ್ಯವೊಂದರಲ್ಲೇ ಸುಮಾರು 4 ಕೋಟಿ ಡಾಲರ್ ಖರ್ಚು ಮಾಡಿತು. ಸೆನೆಟ್‌ನ ಬ್ಯಾಂಕಿಂಗ್ ಸಮಿತಿಯ ಅಧ್ಯಕ್ಷರಾಗಿದ್ದ, ಕ್ರಿಪ್ಟೊ ಬಗ್ಗೆ ಕಟುವಾಗಿದ್ದ ಶೆರಡ್ ಬ್ರೌನ್ ಸೋತರು. ಆ ಜಾಹೀರಾತುಗಳಲ್ಲಿ ಕ್ರಿಪ್ಟೊ ಎಂಬ ಮಾತೇ ಇರಲಿಲ್ಲ. ಒಂದು ಚುನಾವಣೆಯ ಸೋಲಿಗೆ ನೂರು ಕಾರಣಗಳಿರುತ್ತವೆ, ಹಣದಿಂದಲೇ ಸೋತರೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಉಳಿದ ಸದಸ್ಯರಿಗೆ ಮುಟ್ಟಬೇಕಾದ ಸಂದೇಶ ಮುಟ್ಟಿತು. ಉದ್ಯಮ ಬಯಸಿದ್ದ, ಡಾಲರಿನ ಬೆಲೆಗೆ ಕಟ್ಟಿದ ಕ್ರಿಪ್ಟೊ ನಾಣ್ಯದ, ಅಂದರೆ ಸ್ಟೇಬಲ್‌ಕಾಯಿನ್ ಕಾಯ್ದೆಗೆ 2025ರ ಜುಲೈನಲ್ಲಿ ಅಧ್ಯಕ್ಷರ ಅಂಕಿತ ಬಿತ್ತು, ಡೆಮಾಕ್ರಟಿಕ್ ಸದಸ್ಯರೂ ಗಣನೀಯ ಸಂಖ್ಯೆಯಲ್ಲಿ ಅದಕ್ಕೆ ಮತ ಹಾಕಿದ್ದರು. ಹಣದ ಕೆಲಸ ಹೆಚ್ಚಾಗಿ ಹೀಗೆಯೇ ನಡೆಯುತ್ತದೆ. ಒಬ್ಬರ ಮೇಲೆ ಖರ್ಚು ಮಾಡಿದರೆ, ಉಳಿದ ತೊಂಬತ್ತೊಂಬತ್ತು ಮಂದಿ ಖರ್ಚಿಲ್ಲದೆ ಎಚ್ಚರವಾಗುತ್ತಾರೆ.

ಹಾಗಾದರೆ ಹೆಚ್ಚು ಹಣವಿದ್ದವರೇ ಗೆಲ್ಲುತ್ತಾರೆಯೇ? ಇಲ್ಲ. ನಿಮ್ಮ ಮಗ ಇರುವ ಸಿಯಾಟಲ್ ನಗರವೇ ಇದಕ್ಕೆ ಸಾಕ್ಷಿ, ಮತ್ತು ಹಣಕ್ಕಿಂತ ದೊಡ್ಡದೊಂದು ಇದೆ ಎಂಬುದಕ್ಕೂ ಅದೇ ಸಾಕ್ಷಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

2018ರ ಮೇ ತಿಂಗಳಲ್ಲಿ ಸಿಯಾಟಲ್ ನಗರಸಭೆ ದೊಡ್ಡ ಕಂಪನಿಗಳ ಮೇಲೆ ನೌಕರನೊಬ್ಬನಿಗೆ ವರ್ಷಕ್ಕೆ 275 ಡಾಲರ್ ತೆರಿಗೆ ಹಾಕಲು ಸರ್ವಾನುಮತದಿಂದ ತೀರ್ಮಾನಿಸಿತು. ಉದ್ದೇಶ ಮನೆಯಿಲ್ಲದವರಿಗೆ ವಸತಿ ಒದಗಿಸುವುದು. ಮೊದಲ ಪ್ರಸ್ತಾವ 500 ಡಾಲರ್ ಇತ್ತು. ಅಷ್ಟರಲ್ಲಿ ಅಮೆಜಾನ್ ಪೇಟೆಯ ನಡುವಿನ ತನ್ನ ಹೊಸ ಕಟ್ಟಡವೊಂದರ ಯೋಜನೆಯನ್ನು, ನಗರಸಭೆಯ ಮತದಾನ ಮುಗಿಯುವ ತನಕ ನಿಲ್ಲಿಸಿರುವುದಾಗಿ ಪ್ರಕಟಿಸಿತು. ತೆರಿಗೆ 275ಕ್ಕೆ ಇಳಿಯಿತು. ಅದನ್ನೂ ರದ್ದುಮಾಡಲು ಜನಮತಗಣನೆಗಾಗಿ ಸಹಿ ಸಂಗ್ರಹ ಶುರುವಾಯಿತು. ತೀರ್ಮಾನವಾಗಿ ಒಂದು ತಿಂಗಳು ತುಂಬುವ ಮೊದಲೇ, ಜೂನ್ 12ರಂದು, ಅದೇ ನಗರಸಭೆ 7-2 ಮತಗಳಿಂದ ಆ ತೆರಿಗೆಯನ್ನು ಹಿಂತೆಗೆದುಕೊಂಡಿತು. ಇಲ್ಲಿ ಯಾರೂ ಯಾರಿಗೂ ಲಂಚ ಕೊಟ್ಟಿರಲಿಲ್ಲ, ಚುನಾವಣೆಯೂ ಇರಲಿಲ್ಲ. ಕ್ರೇನ್ ನಿಂತರೆ ಕೂಲಿ ನಿಲ್ಲುತ್ತದೆ ಎಂಬ ಭಯವೊಂದೇ ಸಾಕಾಯಿತು, ಮತ್ತು ಆ ಭಯ ಕಟ್ಟಡ ಕಾರ್ಮಿಕರ ಸಂಘಗಳಲ್ಲೂ ಇತ್ತು. ದೇಣಿಗೆಯ ಕಾನೂನನ್ನು ನಾಳೆ ಬೆಳಗ್ಗೆ ಸರಿಪಡಿಸಿದರೂ ಈ ಶಕ್ತಿ ಹಾಗೆಯೇ ಉಳಿಯುತ್ತದೆ. ಎಡಪಂಥದ ವಾದದ ತಿರುಳು ನನ್ನ ಮಟ್ಟಿಗೆ ಇದೇ. ಒಂದು ಊರಿನ ಉದ್ಯೋಗ, ವಸತಿ, ತೆರಿಗೆ ಆದಾಯ ಎಲ್ಲವೂ ಒಬ್ಬನ ಮುಷ್ಟಿಯಲ್ಲಿದ್ದರೆ ಅವನು ಚುನಾವಣೆಗೆ ಕಾಸು ಬಿಚ್ಚಬೇಕಾಗಿಯೇ ಇಲ್ಲ.

ಮರುವರ್ಷ ಬಿಚ್ಚಿದಾಗ ಆದದ್ದೇ ಬೇರೆ. 2019ರ ನಗರಸಭೆ ಚುನಾವಣೆಯಲ್ಲಿ ಅಮೆಜಾನ್ ಕಂಪನಿ ಸಿಯಾಟಲ್‌ನ ವಾಣಿಜ್ಯ ಮಂಡಳಿಯ ರಾಜಕೀಯ ನಿಧಿಗೆ ಸುಮಾರು 15 ಲಕ್ಷ ಡಾಲರ್ ಕೊಟ್ಟಿತು, ಅದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹಣ ಮತದಾನಕ್ಕೆ ಕೆಲವೇ ವಾರಗಳಿರುವಾಗ ಒಂದೇ ಕಂತಿನಲ್ಲಿ ಬಂದದ್ದು. ಆ ನಿಧಿ ಏಳು ಕ್ಷೇತ್ರಗಳಲ್ಲಿ ಬೆಂಬಲಿಸಿದ ಅಭ್ಯರ್ಥಿಗಳಲ್ಲಿ ಗೆದ್ದವರು ಇಬ್ಬರು. ಪುಣೆಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದ ಸಮಾಜವಾದಿ ಕ್ಷಮಾ ಸಾವಂತ್ ಚುನಾವಣೆಯ ರಾತ್ರಿ ಹಿಂದಿದ್ದರು. ಅಲ್ಲಿ ಮತಪತ್ರಗಳು ಅಂಚೆಯಲ್ಲಿ ಬರುವುದರಿಂದ ಎಣಿಕೆ ದಿನಗಟ್ಟಲೆ ನಡೆಯುತ್ತದೆ, ಎಣಿಸುತ್ತ ಹೋದಂತೆ ಅವರು ಮುಂದೆ ಬಂದು ಗೆದ್ದರು. 2020ರ ಜುಲೈನಲ್ಲಿ ಹೊಸ ನಗರಸಭೆ ದೊಡ್ಡ ಕಂಪನಿಗಳ ಭಾರಿ ಸಂಬಳಗಳ ಮೇಲೆ, 2018ರದ್ದಕ್ಕಿಂತ ದೊಡ್ಡ ತೆರಿಗೆಯನ್ನೇ ಹಾಕಿತು, ಅದು ನಿಂತಿತು. ಅದೇ ವರ್ಷದ ಜನವರಿಯಲ್ಲಿ, ಒಬ್ಬ ವಿದೇಶಿ ಹೂಡಿಕೆದಾರನಿಗೆ ಶೇಕಡಾ 1ರಷ್ಟು ಷೇರಿದ್ದರೂ ಅಂಥ ಕಂಪನಿ ನಗರದ ಚುನಾವಣೆಗೆ ಖರ್ಚು ಮಾಡುವಂತಿಲ್ಲ ಎಂಬ ನಿಯಮವನ್ನೂ ತಂದಿತು. ಕೆನಡಾದ ಯುವಕನನ್ನು ಕಟ್ಟಿಹಾಕಿದ ತರ್ಕವನ್ನೇ ಕಂಪನಿಯ ಕೊರಳಿಗೂ ಹಾಕಿದ ಆ ಜಾಣತನಕ್ಕೆ ನಾನು ಮನಸಾರೆ ತಲೆದೂಗಿದ್ದೆ.

ಮಸ್ಕ್ ಅವರ ಹಣಕ್ಕೂ ಹೀಗೇ ಆಗಿದೆ. 2025ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್ ಸುಪ್ರೀಂ ಕೋರ್ಟಿನ ಒಂದು ಸ್ಥಾನಕ್ಕೆ ಚುನಾವಣೆ ನಡೆದಾಗ (ಅಲ್ಲಿ ನ್ಯಾಯಾಧೀಶರನ್ನೂ ಜನರೇ ಆರಿಸುತ್ತಾರೆ) ಅವರೂ ಅವರ ಬಳಗವೂ 2 ಕೋಟಿ ಡಾಲರ್‌ಗಿಂತ ಹೆಚ್ಚು ಸುರಿದರು, ಅವರ ಅಭ್ಯರ್ಥಿ ಸುಮಾರು 10 ಶೇಕಡಾ ಅಂಶಗಳಿಂದ ಸೋತರು. ಹಣ ಮತವನ್ನು ಕೊಳ್ಳುವುದಕ್ಕಿಂತ ಹೆಚ್ಚಾಗಿ, ಯಾರು ಕಣಕ್ಕಿಳಿಯಲು ಧೈರ್ಯ ಮಾಡುತ್ತಾರೆ, ಯಾವ ವಿಷಯ ಚರ್ಚೆಗೇ ಬರುವುದಿಲ್ಲ ಎಂಬುದನ್ನು ತೀರ್ಮಾನಿಸುತ್ತದೆ. ಸೋತವರ ಪಟ್ಟಿ ಪ್ರಕಟವಾಗುತ್ತದೆ, ನಿಲ್ಲದೇ ಹೋದವರ ಪಟ್ಟಿ ಎಲ್ಲೂ ಇಲ್ಲ.

ಪರಿಹಾರಗಳ ವಿಷಯದಲ್ಲಿ ಎಡಪಂಥದವರಲ್ಲೇ ಒಮ್ಮತವಿಲ್ಲ. ಸಂವಿಧಾನ ತಿದ್ದುಪಡಿಯೇ ಆಗಬೇಕು ಎನ್ನುವವರಿದ್ದಾರೆ. 2014ರಲ್ಲಿ ಸೆನೆಟ್‌ನಲ್ಲಿ ಅದರ ಚರ್ಚೆ ಮುಗಿಸಿ ಅಂತಿಮ ಮತಕ್ಕೆ ಹಾಕಲು 60 ಮತ ಬೇಕಿತ್ತು, 54 ಬಿದ್ದವು. ತಿದ್ದುಪಡಿಗೆ ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತವೂ ನಾಲ್ಕನೇ ಮೂರರಷ್ಟು ರಾಜ್ಯಗಳ ಒಪ್ಪಿಗೆಯೂ ಬೇಕು, ನನ್ನ ಜೀವಿತಕಾಲದಲ್ಲಿ ಅದನ್ನು ನಿರೀಕ್ಷಿಸುತ್ತಿಲ್ಲ. ಜೊತೆಗೆ ಅಪಾಯವೂ ಇದೆ. ಚುನಾವಣೆಯ ಮಾತಿಗೆ ಮಿತಿ ಹಾಕುವ ಅಧಿಕಾರ ಸರ್ಕಾರದ ಕೈಗೆ ಬಂದರೆ ನಾಳೆಯ ಸರ್ಕಾರ ಅದನ್ನು ಕಾರ್ಮಿಕ ಸಂಘಗಳ ಮೇಲೂ ಪ್ರಯೋಗಿಸಬಲ್ಲದು. 2010ರ ತೀರ್ಪಿನ ಲಾಭ ಸಂಘಗಳಿಗೂ ಸಿಕ್ಕಿತು ಎಂಬುದನ್ನು ನಮ್ಮವರು ಬೇಗ ಮರೆಯುತ್ತಾರೆ. ಆದರೆ 2024ರಲ್ಲಿ ಅಮೆರಿಕದ ದುಡಿಯುವವರಲ್ಲಿ ಸಂಘದ ಸದಸ್ಯರು ಶೇಕಡಾ 9.9 ಮಾತ್ರ. ಇಬ್ಬರಿಗೂ ಒಂದೇ ಮೈಕು ಕೊಟ್ಟಿದ್ದೇವೆ ಎನ್ನುವುದು ಕಾಗದದ ಮೇಲಿನ ಸಮಾನತೆ.

ಪ್ರತಿ ದೇಣಿಗೆಯ ಹೆಸರೂ ಬಯಲಾಗಲಿ ಎಂಬುದು ಇನ್ನೊಂದು ಬೇಡಿಕೆ. ನಾನು ಅದರ ಪರ, ಆದರೆ ಅರೆಮನಸ್ಸಿನಿಂದ. 1958ರಲ್ಲಿ ಕರಿಯರ ಹಕ್ಕುಗಳ ಸಂಸ್ಥೆಯೊಂದರ ಸದಸ್ಯರ ಪಟ್ಟಿಯನ್ನು ಅಲಬಾಮ ಸರ್ಕಾರ ಕೇಳಿದಾಗ, ಅದನ್ನು ಕೊಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದರಿಂದಲೇ ಆ ಸದಸ್ಯರ ಮನೆಮಠ ಉಳಿದದ್ದು. 250 ಡಾಲರ್ ಕೊಟ್ಟ ಶಾಲಾ ಶಿಕ್ಷಕಿಯ ವಿಳಾಸ ಎಲ್ಲರಿಗೂ ಕಾಣುತ್ತದೆ, 2.5 ಕೋಟಿ ಕೊಟ್ಟವನ ಹೆಸರು ಸಂಸ್ಥೆಯೊಂದರ ಮರೆಯಲ್ಲಿ ಅಡಗಿರುತ್ತದೆ. ಈಗಿನ ವ್ಯವಸ್ಥೆ ಇದು. ಇದು ತಲೆಕೆಳಗಾಗಬೇಕು. ಈ ನಿಯಮಗಳಿಗೆ ಕಾವಲು ಕಾಯುವವರ ಸ್ಥಿತಿಯಂತೂ ಕೇಳಬೇಡಿ. ಫೆಡರಲ್ ಚುನಾವಣಾ ಆಯೋಗದಲ್ಲಿ ಆರು ಸ್ಥಾನ, ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚಿಲ್ಲ, ಯಾವ ಕ್ರಮಕ್ಕೂ ನಾಲ್ಕು ಮತ ಬೇಕು. 2025ರ ಮೇ ತಿಂಗಳಲ್ಲಿ ಸದಸ್ಯರೇ ಸಾಲದೆ ಅದಕ್ಕೆ ಕೋರಂ ಇಲ್ಲವಾಯಿತು.

ನನಗೆ ಹೆಚ್ಚು ಭರವಸೆಯಿರುವುದು ಊರಮಟ್ಟದ ಪ್ರಯೋಗಗಳಲ್ಲಿ, ಮತ್ತು ಅವುಗಳಲ್ಲೊಂದು ನಿಮ್ಮ ಮಗನ ಮನೆಬಾಗಿಲಿಗೇ ಬಂದಿದೆ. 2015ರಲ್ಲಿ ಸಿಯಾಟಲ್ ಮತದಾರರು ಒಪ್ಪಿದ ಯೋಜನೆಯಂತೆ ನಗರವಾಸಿಗಳಿಗೆ ತಲಾ 25 ಡಾಲರ್‌ನ ನಾಲ್ಕು ವೋಚರ್ ಸಿಗುತ್ತವೆ. ಆ 100 ಡಾಲರನ್ನು ಯೋಜನೆಗೆ ಸೇರಿದ ನಗರದ ಅಭ್ಯರ್ಥಿಗಳಿಗೆ ಹಂಚಬಹುದು. ಹಣ ಆಸ್ತಿ ತೆರಿಗೆಯಿಂದ ಬರುತ್ತದೆ, ವೋಚರ್ ಪಡೆಯುವ ಅಭ್ಯರ್ಥಿ ಖರ್ಚಿನ ಮಿತಿಯನ್ನು ಒಪ್ಪಿಕೊಳ್ಳಬೇಕು. ಗ್ರೀನ್ ಕಾರ್ಡ್ ಇರುವವರಿಗೂ ಇದು ಸಿಗುತ್ತದೆ. ಮತದಾರರಿಗೆ ತಾನಾಗಿ ಅಂಚೆಯಲ್ಲಿ ಬರುತ್ತದೆ, ಗ್ರೀನ್ ಕಾರ್ಡ್‌ದಾರರು ಅರ್ಜಿ ಹಾಕಿಕೊಳ್ಳಬೇಕು. ದೋಷಗಳಿಲ್ಲವೆಂದಲ್ಲ. ವೋಚರ್ ಬಳಸುವವರು ಕಡಿಮೆ, ಹೊರಗಿನ ಸೂಪರ್ ಪ್ಯಾಕ್‌ಗಳನ್ನು ಅದು ತಡೆಯಲಾರದು. ಆದರೂ 2025ರ ನವೆಂಬರ್‌ನಲ್ಲಿ ಬಸ್ ಪ್ರಯಾಣಿಕರನ್ನು ಸಂಘಟಿಸುತ್ತಿದ್ದ ಕೇಟಿ ವಿಲ್ಸನ್ ಎಂಬ ಎಡಪಂಥೀಯ ಮಹಿಳೆ ಈ ವೋಚರ್‌ಗಳ ಬಲದಲ್ಲಿ ನಿಂತು, ಹಾಲಿ ಮೇಯರ್ ಅವರನ್ನು ಕೂದಲೆಳೆಯ ಅಂತರದಲ್ಲಿ ಸೋಲಿಸಿದರು. ಮತ ಹಾಕಿ ಏನು ಪ್ರಯೋಜನ ಎಂದು ಮಗ ಮತ್ತೆ ಕೇಳಿದರೆ, ಅವನದೇ ಊರಿನ ಆ ಅಂತರವನ್ನು ಒಮ್ಮೆ ನೋಡಲು ಹೇಳಿ.

ಹಾಗಾಗಿ ಮಗ ಮಾಡಬಹುದಾದದ್ದು ಇಷ್ಟು. ಕಂಪನಿಯ ಇ-ಮೇಲಿಗೆ ಉತ್ತರಿಸದೆ ಬಿಡಬಹುದು, ಅದೇ ನಿರಾಕರಣೆ. ಮೇಲಧಿಕಾರಿ ಬಾಯಿಮಾತಿನಲ್ಲಿ ಒತ್ತಾಯಿಸಿದರೆ ಅದು ಕಾನೂನುಬಾಹಿರ, ದಿನಾಂಕ ಸಹಿತ ಬರೆದಿಟ್ಟುಕೊಳ್ಳಲಿ. ಕೊಡಲೇಬೇಕೆನಿಸಿದರೆ ಕಂಪನಿಯ ನಿಧಿಗಲ್ಲ, ತನಗೆ ಒಪ್ಪಿಗೆಯಾದ ಅಭ್ಯರ್ಥಿಗೆ ಸ್ವಂತ ಹಣದಿಂದ ನೇರವಾಗಿ ಕೊಡಲಿ, ಹಾಗೆ ಕೊಟ್ಟದ್ದರಿಂದ ಮುಂದೆ ಪೌರತ್ವಕ್ಕೆ ಅಡ್ಡಿಯಾಗುವುದಿಲ್ಲ. ವೋಚರ್‌ಗೆ ಅರ್ಜಿ ಹಾಕಲಿ, ಅದಕ್ಕೆ ಅವನ ಕಿಸೆಯಿಂದ ಕಾಸೂ ಹೋಗುವುದಿಲ್ಲ.

ಕೊನೆಯದಾಗಿ, ಇಬ್ಬರೂ ಮಕ್ಕಳಿಗೆ ಇವತ್ತೇ ಫೋನ್ ಮಾಡಿ ಹೇಳಬೇಕಾದ ಎಚ್ಚರಿಕೆಯೊಂದಿದೆ. ಡ್ರೈವಿಂಗ್ ಲೈಸೆನ್ಸ್ ನವೀಕರಿಸುವಾಗ ಕೌಂಟರಿನಲ್ಲಿರುವವರು ಮತದಾರರ ಪಟ್ಟಿಗೂ ಸೇರಿಸಲೇ ಎಂದು ಯಾಂತ್ರಿಕವಾಗಿ ಕೇಳುತ್ತಾರೆ, ನಮೂನೆಯಲ್ಲಿ ಅದಕ್ಕೊಂದು ಚೌಕವಿರುತ್ತದೆ. ಗ್ರೀನ್ ಕಾರ್ಡ್ ಇದ್ದರೂ ಅಲ್ಲಿ ಗುರುತು ಹಾಕಬಾರದು. ಪೌರನೆಂದು ತಪ್ಪಾಗಿ ಹೇಳಿಕೊಂಡರೆ ಗಡೀಪಾರಿನವರೆಗೂ ಹೋಗಬಹುದು, ಗೊತ್ತಿರಲಿಲ್ಲ ಎಂಬ ಸಮಜಾಯಿಷಿ ಹೆಚ್ಚು ದೂರ ಬರುವುದಿಲ್ಲ. ದೇಣಿಗೆಯ ತಪ್ಪಾದರೆ ನನ್ನಂಥವರು ಚೆಕ್ ಹಿಂದಿರುಗಿಸಿ ಸರಿಪಡಿಸಬಹುದು, ಆ ಚೌಕವನ್ನು ಅಳಿಸಿ ಕೊಡಲು ನಮ್ಮಿಂದಾಗದು.